ಹೋಗ್ತೇನಿ ಅಂದಾಕಿ

ದಾಂಡೇಲಿಯಲ್ಲಿ ಯಾರೂ ‘ಹೋಗುವುದಿಲ್ಲ’. ಹೊಸ್ತಿಲು ದಾಟುವಾಗ ಕನ್ನಡದವರು ‘ಬರ್ತೇನಿ’ ಅನ್ನುತ್ತಾರೆ, ಮರಾಠಿಯವರು ‘ಯೇತೋ’, ಕೊಂಕಣಿಯವರು ‘ಯೇತಾಂ’, ಉರ್ದುವಿನವರು ‘ಆತೂಂ’. ಹಾಗೆನ್ನದೆ ಹೋದವಳು ದ್ರಾಕ್ಷಾಯಣಿ ಒಬ್ಬಳೇ.

ತಾಯಿಯಿಲ್ಲದ ಅವಳಿಗೆ ಮಿಲ್ಲಿನ ಚಾಳಿನಲ್ಲಿ ತಲೆ ಬಾಚಿ, ರೊಟ್ಟಿ ಬಡಿದು ಬೆಳೆಸಿದವಳು ಪಕ್ಕದ ಮನೆಯ ದೌಲತಬಿ. ಒಂದು ದಿನ ದ್ರಾಕ್ಷಾಯಣಿಯ ಮನೆಗೆ ಬೀಗವಿತ್ತೆಂದು ಅಂಚೆಯವನು ಕಾಗದವೊಂದನ್ನು ದೌಲತಬಿಗೆ ಕೊಟ್ಟ. ಅವಳು ಅದನ್ನು ಹುಡುಗಿಯ ಅಪ್ಪನ ಕೈಯಲ್ಲೇ ಇಟ್ಟಳು. ಪರಸಪ್ಪನೆಂಬ ಹುಡುಗ ದ್ರಾಕ್ಷಾಯಣಿಗೆ ಬರೆದ ಪ್ರೇಮಪತ್ರ ಅದು! ತಿಂಗಳೊಪ್ಪತ್ತಿನಲ್ಲಿ ಹಳಿಯಾಳದ ವರನ ಜೊತೆ ಲಗ್ನ ಆಗಿಹೋಯಿತು.

“ಬೇಕಂತನ ಕೊಟ್ಟಿ ಚಾಚಿ. ಹೋಗ್ತೇನಿ!” ಎಂದಳು ದ್ರಾಕ್ಷಾಯಣಿ, ಗಂಡನ ಮನೆಗೆ ಹೊರಟಾಗ.

“ಬರ್ತೇನಿ ಅನ್ನ ಬೇ,” ಎಂದು ದೌಲತಬಿ ಬೀದಿತನಕ ಬೆನ್ನಿಗೆ ಬಂದಳು. ಇವಳು ತಿರುಗಿ ನೋಡಲಿಲ್ಲ. ಎಂಥ ಸೊಕ್ಕು ನೋಡಿ! ದೌಲತಬಿಗೆ ಕನ್ನಡ ಓದಲು ಬಾರದು, ಲಕೋಟೆಯ ಮೇಲೆ ಯಾರ ಹೆಸರಿದೆಯೋ ಅವಳಿಗೇನು ಗೊತ್ತು? ಅದು ದ್ರಾಕ್ಷಾಯಣಿಗೂ ತಿಳಿದದ್ದೇ.

ಹಳಿಯಾಳ ದೂರವೇನಲ್ಲ, ಬಸ್ಸಿನಲ್ಲಿ ಮುಕ್ಕಾಲು ತಾಸು. ಅಷ್ಟು ದಾಟಲು ಅವಳಿಗೆ ಇಪ್ಪತ್ತೆರಡು ವರ್ಷ ಹಿಡಿಯಿತು. ಇವತ್ತು ಕಾಲು ಹಿಡಿದು ತಪ್ಪಾಯಿತೆಂದು ಹೇಳಿಯೇ ತೀರಬೇಕೆಂದು ಬಂದಿದ್ದಳು.

ದೌಲತಬಿ ಕಟ್ಟೆಯ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು.

“ಯಾರ್ರಿ? ಹೊಳಿ ನೋಡಾಕ ಬಂದೀರೇನು?”

ದ್ರಾಕ್ಷಾಯಣಿ “ಹೂಂರಿ,” ಅಂದುಬಿಟ್ಟಳು. ಅಯ್ಯೋ, ಆ ಹೂಂ ಯಾಕಾದರೂ ಬಾಯಿಗೆ ಬಂತೋ!

“ಬಿಸಲಾಗ ಬಂದೀರಿ, ಕುಂಡ್ರಿ,” ಎಂದು ದೌಲತಬಿ ತಡವರಿಸುತ್ತಲೇ ಚಹಾ ಮಾಡಿ ತಂದಳು. “ಈ ಚಾಳ ತುಂಬ ಮಂದಿ ಇತ್ತರಿ. ಎಲ್ಲಾರೂ ಬರ್ತೇನಿ ಅಂತ ಹೇಳಿ ಹೋದ್ರು, ಒಬ್ಬರೂ ಬರಲಿಲ್ಲ. ನನ್ನ ದ್ರಾಕ್ಷಿ ಅಂತ ಒಬ್ಬಾಕಿ ಇದ್ಲು. ಹೋಗ್ತೇನಿ ಅಂದ್ಲು, ಹೋದ್ಲು. ಖರೇ ಹೇಳಿದಾಕಿ ಆಕಿ ಒಬ್ಬಾಕಿನ.”

ನಾನೇ ಆ ದ್ರಾಕ್ಷಿ ಅನ್ನಬೇಕು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಇಷ್ಟು ಹೊತ್ತು ಪರವೂರಿನವಳ ಹಾಗೆ ಕೂತು ಅವಳ ಚಹಾ ಕುಡಿದದ್ದಕ್ಕೆ ಏನಂತ ಹೇಳುವುದು? ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು. ಲೋಟ ಕೆಳಗಿಟ್ಟು ಎದ್ದಳು.

“ಬರ್ತೇನ್ರಿ,” ಎಂದಳು, ಸಣ್ಣ ದನಿಯಲ್ಲಿ.

ದೌಲತಬಿ ನಕ್ಕಳು. “ನೀವ್ಯಾಕ ಸುಳ್ಳ ಹೇಳ್ತೀರಿ? ಹೊಳಿ ನೋಡಾಕ ಬಂದವರು ನೀವು. ಹೋಗ್ತೇನಿ ಅಂದ್ರೂ ನಡೀತೈತಿ.”