ವಕ್ತೃ 14

"ವನಜ ಮೊಗವೀರ ಅಂದರೆ ನಿಮ್ಮ ಅಮ್ಮ ಅಲ್ವಾ ಚಂದನಾ?"

ಫೋನಿನಲ್ಲಿ ಕುಸುಮಾವತಿ ಮೇಡಂ ಕೇಳಿದಾಗ ಚಂದನಾ ಲ್ಯಾಪ್‌ಟಾಪಿನ ಮುಂದೆಯೇ ಕೂತಿದ್ದಳು. ಮಹಾಪ್ರಬಂಧ ಸಲ್ಲಿಸಲು ಹನ್ನೊಂದು ದಿನ ಉಳಿದಿತ್ತು. ಐದು ವರ್ಷ ಮಾರ್ಗದರ್ಶನ ಮಾಡಿದ ಮೇಡಂ, ಅಮ್ಮ ತೀರಿಕೊಂಡ ದಿನ ಕುಂದಾಪುರದ ಕೋಡಿಯ ಮನೆಗೂ ಬಂದು ಹೋಗಿದ್ದರು. ಗೊತ್ತಿದ್ದೂ ಕೇಳುತ್ತಿದ್ದಾರೆ ಅಂದರೆ ಏನೋ ಇದೆ.

"ಹೌದು ಮೇಡಂ."

"ಒಪ್ಪಿಗೆ ಪತ್ರಗಳನ್ನು ನೋಡ್ತಾ ಇದ್ದೆ. ಇಪ್ಪತ್ತೆರಡರಲ್ಲೂ 'ನನ್ನ ಹೆಸರು ಪ್ರಕಟಿಸಬಾರದು' ಅನ್ನುವಲ್ಲಿ ಟಿಕ್ ಆಗಿದೆ. ನೀವು ಪ್ರಬಂಧದ ಉದ್ದಕ್ಕೂ ಹೆಸರು ಕೊಟ್ಟಿದ್ದೀರಿ."

ಚಂದನಾಳಿಗೆ ನೆನಪಾಯಿತು. ನಾಲ್ಕು ವರ್ಷದ ಹಿಂದೆ ಬಸ್‌ಸ್ಟ್ಯಾಂಡ್ ಬದಿಯ ಝೆರಾಕ್ಸ್ ಅಂಗಡಿಯಲ್ಲಿ ನಿಂತು, ಪ್ರತಿಯೊಬ್ಬರದ್ದಕ್ಕೂ ಟಿಕ್ ಹಾಕುವ ಕೆಲಸ ತಪ್ಪಲಿ ಎಂದು ಮೂಲ ಪ್ರತಿಗೇ ಪೆನ್ನಿನಿಂದ ಗೀಚಿ, ಇಪ್ಪತ್ತೈದು ಪ್ರತಿ ತೆಗೆಸಿದ್ದಳು. ಯಾವ ಚೌಕಕ್ಕೆ ಹಾಕಿದೆನೆಂದು ಸರಿಯಾಗಿ ನೋಡಿರಲಿಲ್ಲ.

"ಬದುಕಿರುವವರ ಹತ್ತಿರ ಹೊಸ ಪತ್ರಕ್ಕೆ ಸಹಿ ಹಾಕಿಸಿ. ಅಮ್ಮನದ್ದು ಹೆಸರು ತೆಗೆದು, ಪತ್ರದ ಕ್ರಮಸಂಖ್ಯೆಯ ಹಾಗೆ ವಕ್ತೃ ಹದಿನಾಲ್ಕು ಅಂತ ಮಾಡಿ. ಸಹಿ ಬದಲಾಯಿಸುವ ಹಕ್ಕು ಅವರೊಬ್ಬರದ್ದೇ. ಮಗಳಾದರೂ ನೀವು ಹಾಕುವ ಹಾಗಿಲ್ಲ. ಕೃತಜ್ಞತೆಯಲ್ಲಿ 'ಅಮ್ಮನಿಗೆ' ಅಂತ ಒಂದು ಸಾಲು ಬರೆಯಿರಿ. ಎಲ್ಲರೂ ಬರೆಯುತ್ತಾರೆ."

ಎಲ್ಲರೂ ಬರೆಯುತ್ತಾರೆ, ನಿಜ. ಆದರೆ ಪ್ರಬಂಧ ಇದ್ದದ್ದೇ ಮೀನು ಮಾರುವ ಹೆಂಗಸರ ಕಡಲ ತಿಳಿವಳಿಕೆಯ ಬಗ್ಗೆ. ಬೈಗೆ ಮೀನಿನ ಕಣ್ಣು ನೋಡಿ ಅದು ಬಲೆಗೆ ಬಿದ್ದು ಎಷ್ಟು ಹೊತ್ತಾಯಿತೆಂದು ಹೇಳುವುದು, ನೀರಿನ ಬಣ್ಣ ನೋಡಿ ನಾಳೆಯ ಮೀನನ್ನು ಅಂದಾಜು ಮಾಡುವುದು, ಇದನ್ನೆಲ್ಲ ಅಮ್ಮ ಬುಟ್ಟಿಯ ಮುಂದೆ ಕೂತೇ ಹೇಳಿಕೊಟ್ಟಿದ್ದಳು. ಆ ಮಾತುಗಳು ನಲವತ್ತಮೂರು ಕಡೆ ಬಂದಿದ್ದವು. ಪ್ರತಿ ಕಡೆಯೂ ಕಂಸದೊಳಗೆ ಅಮ್ಮನ ಹೆಸರಿತ್ತು.

ಹೋದ ವರ್ಷ ಪ್ರಬಂಧದ ಕೊನೆಯ ಉಲ್ಲೇಖಗಳ ಪಟ್ಟಿಯಲ್ಲಿ, ವಿದ್ವಾಂಸರ ಹೆಸರುಗಳ ನಡುವೆ ಇದ್ದ ಅವಳ ಹೆಸರನ್ನು ತೋರಿಸಿದಾಗ ಅಮ್ಮ ಒದ್ದೆ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡು ಬಗ್ಗಿ, ಒಂದೊಂದೇ ಅಕ್ಷರ ಕೂಡಿಸಿ ಓದಿದ್ದಳು.

"ಇವ್ರೆಲ್ಲ ದೊಡ್ಡ್ ದೊಡ್ಡ್ ಮಾಸ್ಟ್ರಾ?"

"ಹೌದಮ್ಮ."

"ಅವ್ರ್ ಮಧ್ಯ ನಂಗ್ ಕೂಕಂಬ್ಕೆ ಜಾಗ ಮಾಡಿದ್ಯಲೆ ಹೆಣೆ. ಮೀನ್ ವಾಸ್ನೆ ಅಂತ ಎದ್ ಹೋಪುದಿಲ್ಯಾ ಅವ್ರ್?"

ಮರುದಿನ ಇಡೀ ಮಾರ್ಕೆಟ್ಟಿಗೆ ಸುದ್ದಿ ಗೊತ್ತಾಗಿತ್ತು. ಕೊನೆಗೆ ಆಸ್ಪತ್ರೆಯಲ್ಲಿ, ಮಾತಾಡಿದರೆ ಉಸಿರು ಕಟ್ಟುತ್ತಿದ್ದಾಗಲೂ, "ಪುಸ್ತಕ ಆಯ್ತಾ?" ಎಂದು ಎರಡು ಸಲ ಕೇಳಿದ್ದಳು.

ಸಂಜೆ ಚಂದನಾ ಝೊಟೆರೊ ತೆರೆದಳು. ಉಲ್ಲೇಖಗಳನ್ನೆಲ್ಲ ಕೂಡಿಟ್ಟಿದ್ದ ಆ ತಂತ್ರಾಂಶದಲ್ಲಿ ಒಂದು ಕಡೆ ತಿದ್ದಿದರೆ ಸಾಕು, ಪ್ರಬಂಧದ ತುಂಬ ತಾನೇ ತಿದ್ದಿಕೊಳ್ಳುತ್ತದೆ. ಮೊದಮೊದಲು ಅವಳು ಇದನ್ನು ಎಲ್ಲರ ಹತ್ತಿರ ಹೊಗಳಿದ್ದುಂಟು. ಹೆಸರಿನ ಜಾಗದಲ್ಲಿ 'ವಕ್ತೃ 14' ಎಂದು ಬರೆದು ರಿಫ್ರೆಶ್ ಒತ್ತಿದಳು. ಗೆರೆಯೊಂದು ಎಡದಿಂದ ಬಲಕ್ಕೆ ಹರಿದು ನಿಂತಿತು. ಹತ್ತು ಸೆಕೆಂಡೂ ಆಗಿರಲಿಕ್ಕಿಲ್ಲ. 'ವನಜ' ಎಂದು ಹುಡುಕಿದಳು. ಸಿಗಲಿಲ್ಲ. ಇನ್ನೊಮ್ಮೆ ಹುಡುಕಿದಳು.

ಮುಂದಿನ ಮೂರು ದಿನ ಹೊಸ ಪತ್ರ ಹಿಡಿದು ಗಂಗೊಳ್ಳಿ, ಮರವಂತೆ ಎಂದು ತಿರುಗಿದಳು. ಇಪ್ಪತ್ತು ಮಂದಿ ಸಹಿ ಹಾಕಿದರು. ಕುಂದಾಪುರದ ಮಾರ್ಕೆಟ್ಟಿನಲ್ಲಿ ಚಿಕ್ಕಿ ಗಿರಿಜಾ ಒಬ್ಬಳು ಬಾಕಿ. ಅಮ್ಮನ ತಂಗಿ. ಮೂವತ್ತು ವರ್ಷ ಇಬ್ಬರೂ ಒಂದೇ ಕಟ್ಟೆಯ ಮೇಲೆ ಬುಟ್ಟಿಗೆ ಬುಟ್ಟಿ ತಾಗಿಸಿ ಕೂತವರು.

"ಊರೆಲ್ಲ ತಿರ್ಗಿ ಕಡೀಗ್ ನನ್ ಹತ್ರ ಬಂದ್ಯಾ? ನಾನ್ ಎಂತ ಕೊಳ್ತ್ ಬಂಗ್ಡ್ಯಾ?" ಎಂದು ನಗುತ್ತಲೇ ಚಿಕ್ಕಿ ಕೈ ಒರೆಸಿಕೊಂಡು ಪತ್ರವನ್ನೂ ಪೆನ್ನನ್ನೂ ತೆಗೆದುಕೊಂಡಳು. "ಇದ್ ಎಂತಕ್ಕೆ ಮತ್ತ್?"

"ಪುಸ್ತಕದಗೆ ಹೆಸ್ರ್ ಬಪ್ಕೆ ಹೊಸ ಸಹಿ ಬೇಕ್ ಚಿಕ್ಕಿ."

"ಅಕ್ಕಂದ್?"

ಚಂದನಾ ಹೇಳಿದಳು. ಟಿಕ್ ಹಾಕಿದ್ದು, ಝೆರಾಕ್ಸ್ ತೆಗೆಸಿದ್ದು, ಎಲ್ಲವನ್ನೂ. "ಅಮ್ಮಂದ್ ಇನ್ ಆತಿಲ್ಲೆ. ನಂಬರ್ ಮಾತ್ರ. ನಾನೇ ಸಮಾ ಕಾಣ್ದೆ ಟಿಕ್ ಹಾಕಿದ್ದೆ. ಅಮ್ಮನೂ ಓದ್ಲಿಲ್ಲೆ."

"ನೀ ಕೊಟ್ಟದ್ನ ಅಕ್ಕ ಎಂತಕ್ ಓದತ್ತ್?"

ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಚಂದನಾಳಿಗೆ. ಚಿಕ್ಕಿ ಬೈಯಲಿಲ್ಲ. ಪೆನ್ನಿನ ಮೊನೆಯನ್ನು ಸಹಿಯ ಗೆರೆಯ ಹತ್ತಿರ ತಂದು ನಿಲ್ಲಿಸಿದಳು.

"ಎಷ್ಟನೇ ನಂಬರ್ ಅಕ್ಕಂದ್?"

"ಹದ್ನಾಲ್ಕ್."

"ನಾ ಸಹಿ ಹಾಕ್ದಿರೆ ನಂದ್?"

"ಹದ್ನೈದ್. ಅವತ್ತ್ ಅಮ್ಮನ ಹತ್ರ ಮಾತಾಡಿ ಆದ್ಮೇಲೆ ನಿಮ್ ಹತ್ರ ಕೇಂಡದ್ದಲ್ದಾ."

"ಹಂಗಾರೆ ಅದೇ ಇರ್ಲಿ," ಎಂದು ಗಿರಿಜಾ ಪೆನ್ನನ್ನೂ ಪತ್ರವನ್ನೂ ಅವಳ ಕೈಗಿಟ್ಟಳು. ಅಷ್ಟರಲ್ಲಿ ಗಿರಾಕಿಯೊಬ್ಬರು ಬಂದು ಬಂಗ್ಡೆಯನ್ನು ಒತ್ತಿ ನೋಡತೊಡಗಿದರು. ಗಿರಿಜಾ ಚೆಂಬಿನಲ್ಲಿ ನೀರು ತೆಗೆದು ಮೀನಿನ ಮೇಲೆ ಚಿಮುಕಿಸಿದಳು. ಉಳಿದದ್ದನ್ನು ಬಲಬದಿಯಲ್ಲಿ ಅಕ್ಕ ಕೂರುತ್ತಿದ್ದ ಖಾಲಿ ಕಟ್ಟೆಯ ಮೇಲೆ ಸುರಿದು, ಅಂಗೈಯಿಂದ ಈ ಕೊನೆಯಿಂದ ಆ ಕೊನೆಯವರೆಗೆ ಒರೆಸಿ, ಆ ಜಾಗ ಬಿಟ್ಟು ತನ್ನ ಬುಟ್ಟಿಯನ್ನು ಸ್ವಲ್ಪ ಈಚೆಗೆ ಎಳೆದುಕೊಂಡಳು.