ಮಗುಚಿದ ಮೀನು

ಟ್ಯಾಕ್ಸಿಯ ಸ್ಟೀರಿಂಗ್ ಹಿಡಿದರೆ ರುವಾನ್ ಶ್ವೇಗೆನ್‌ನ ಬಾಯಿಗೆ ಬ್ರೇಕ್ ಇರುತ್ತಿರಲಿಲ್ಲ. ಇದು ಅವನಿಗೂ ಗೊತ್ತಿತ್ತು, ಅವನ ಮಗಳು ಹೈಥಾಂಗ್‌ಗಂತೂ ಚೆನ್ನಾಗಿಯೇ ಗೊತ್ತಿತ್ತು. "ಅಪ್ಪ, ಇವತ್ತು ಒಂದಿನ ಬುರುಡೆ ಬಿಡ್ಬೇಡ. ಅವರು ನಂಗೆ ಅತ್ತೆ ಆಗೋರು. ಈ ಮನೆ ಹುಡುಗಿ ಬೇಕೋ ಬೇಡ್ವೋ ಅಂತ ನೋಡೋಕೇ ಬಂದಿದಾರೆ" ಎಂದು ಬೆಳಿಗ್ಗೆ ಎಚ್ಚರಿಸಿದ್ದಳು.

ಆ ಹೆಂಗಸು ಕಾಂಗ್ ಸುಯುನ್. ಗಾನ್ಸುವಿನ ಒಣಬೆಟ್ಟಗಳ ಕಡೆಯವಳು, ಹುಟ್ಟಿದಾಗಿನಿಂದ ಸಮುದ್ರ ಕಂಡವಳೇ ಅಲ್ಲ. ಪಿಂಗ್ತಾನ್ ದ್ವೀಪದ ಕಡಲದಂಡೆಯ ರಸ್ತೆಯಲ್ಲಿ ಮೊದಲ ತಿರುವು ದಾಟುತ್ತಲೇ, "ಅಬ್ಬಾ, ಎಷ್ಟೊಂದು ನೀರು!" ಅಂದಳು. ರುವಾನ್‌ಗೆ ಅಷ್ಟೇ ಸಾಕಾಯಿತು.

"ಇದೆಲ್ಲ ನಮ್ಮ ಅಂಗಳ ಇದ್ದಂಗೆ, ಬೀಗಿತ್ತಿ. ಇಪ್ಪತ್ತು ವರ್ಷ ಮೀನುದೋಣಿ ಕ್ಯಾಪ್ಟನ್ ನಾನು! ಬಿರುಗಾಳಿ ಬಂದ್ರೆ ಎಲ್ರೂ ಒಳಗೆ, ನಾನೊಬ್ಬನೇ ಹೊರಗೆ."

ನಿಜವೇನೆಂದರೆ ಅವನು ಕಡಲಿಗಿಳಿದದ್ದು ಒಂದೇ ಒಂದು ದಿನ. ಹದಿನೇಳರ ಹರೆಯದಲ್ಲಿ ಅಪ್ಪನ ದೋಣಿ ಹತ್ತಿ, ಬಂದರು ಕಣ್ಮರೆಯಾಗುವ ಮೊದಲೇ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಬಲೆಯ ಮೇಲೆ ಕಕ್ಕಿದ್ದ. ಅಪ್ಪ ಬೈಯುತ್ತಲೇ ದೋಣಿ ತಿರುಗಿಸಿದ್ದ. ತಾನು ಕ್ಯಾಪ್ಟನ್ ಅಲ್ಲ, ಸರಕು, ಅದೂ ವಾಪಸ್ಸು ಬಂದ ಸರಕು ಎಂದು ರುವಾನ್ ಎಷ್ಟೋ ಸಲ ತನ್ನನ್ನೇ ಹಂಗಿಸಿಕೊಂಡದ್ದುಂಟು.

ಗಾಳಿಯಂತ್ರಗಳ ಗುಡ್ಡದಲ್ಲಿ ಅವನು ಮಾತಿನಲ್ಲೇ ಇಬ್ಬರನ್ನು ಮುಳುಗದಂತೆ ಕಾಪಾಡಿದ. ಕಲ್ಲುಮನೆಗಳ ಹಳ್ಳಿ ಬರುವಷ್ಟರಲ್ಲಿ ಒಂದು ತಿಮಿಂಗಿಲವನ್ನೂ ಓಡಿಸಿಯಾಗಿತ್ತು. ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತಿತ್ತು. ಆದರೆ ಸುಯುನ್ ಅಷ್ಟು ಗಂಭೀರವಾಗಿ ತಲೆಯಾಡಿಸುವಾಗ ನಿಲ್ಲಿಸುವುದಾದರೂ ಹೇಗೆ?

ಮಧ್ಯಾಹ್ನ ಅವನ ಪರಿಚಯದ ಹೋಟೆಲಿನಲ್ಲಿ ಊಟ. ಹಬೆಯಲ್ಲಿ ಬೆಂದ ಇಡೀ ಮೀನು ಬಂತು. ಮೇಲಿನ ಮಗ್ಗುಲು ಮುಗಿಯಿತು. ಕೆಳಗಿನದನ್ನು ಬೀಗರಿಗೆ ಬಡಿಸೋಣವೆಂದು ಸುಯುನ್ ಮರ್ಯಾದೆಯಿಂದ ಚಾಪ್‌ಸ್ಟಿಕ್ ತೂರಿಸಿ ಮೀನನ್ನು ಮಗುಚಿದಳು.

"ಮಗುಚಬೇಡಿ!" ರುವಾನ್ ಕುರ್ಚಿ ಉರುಳುವಂತೆ ಎದ್ದು ಕಿರುಚಿದ. ಸುತ್ತಲಿನ ಮೇಜಿನವರೆಲ್ಲ ಇತ್ತ ತಿರುಗಿದರು.

"ಯಾಕ್ರೀ, ಏನಾಯ್ತು?"

"ಮೀನು ಮಗುಚಿದ್ರೆ ದೋಣಿ ಮಗುಚತ್ತೆ!"

"ನಾವು ಕಾರಲ್ಲಿ ಬಂದ್ವಲ್ಲ?"

"ಕಾರೂ ಮಗುಚತ್ತೆ!"

ಹೆದರಿದ ಸುಯುನ್ ತಪ್ಪು ತಿದ್ದಲೆಂದು ಮೀನನ್ನು ಮತ್ತೆ ಮಗುಚಿದಳು. ರುವಾನ್ ಎದೆ ಹಿಡಿದುಕೊಂಡ. ಹೋಟೆಲಿನೊಡತಿ ಸೊಂಟದ ಮೇಲೆ ಕೈಯಿಟ್ಟು ನಕ್ಕಳು. "ಲೋ ಶ್ವೇಗೆನ್, ಮಗುಚೋಕೆ ನಿನ್ ದೋಣಿ ಎಲ್ಲಿದೆಯೋ? ದಡದಲ್ಲಿ ನಿಂತು ದೋಣಿ ನೋಡಿದ್ರೇ ವಾಂತಿ ಮಾಡ್ಕೊಳ್ಳೋನು ನೀನು!"

ಇಡೀ ಹೋಟೆಲು ನಕ್ಕಿತು. ರುವಾನ್‌ಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಾಚಿಕೆಗಿಂತ ಹೆಚ್ಚಾಗಿ ಭಯವಾಯಿತು, ಮಗಳ ಮದುವೆಯನ್ನು ತನ್ನ ನಾಲಿಗೆಯೇ ಮುಳುಗಿಸಿತೆಂದು.

"ಬೀಗಿತ್ತಿ, ಕ್ಯಾಪ್ಟನ್ ಗೀಪ್ಟನ್ ಎಲ್ಲಾ ಸುಳ್ಳು" ಎಂದು ತೊದಲಿದ. "ಬುರುಡೆ ದಾಸ ನಾನು. ನನ್ ಮಗಳು ಹಂಗಲ್ಲ, ಅವಳಿಗೆ ಸುಳ್ಳು ಹೇಳೋಕೇ ಬರಲ್ಲ. ನನ್ನ ಮುಖ ನೋಡಿ ಅವಳನ್ನ ಬೇಡ ಅನ್ಬೇಡಿ."

ಸುಯುನ್ ಚಾಪ್‌ಸ್ಟಿಕ್ ಕೆಳಗಿಟ್ಟಳು. "ಹೌದು, ಅವಳಿಗೆ ಬರಲ್ಲ. ನಿನ್ನೇನೇ ಫೋನ್ ಮಾಡಿ ಎಲ್ಲಾ ಹೇಳಿದ್ಲು. 'ಅಪ್ಪ ಕ್ಯಾಪ್ಟನ್ ಆಗಿದ್ದೆ ಅಂತಾರೆ. ಒಂದೇ ಒಂದಿನ ನಂಬಿಬಿಡಿ, ಅವರಿಗೆ ಖುಷಿ ಆಗತ್ತೆ' ಅಂದ್ಲು. ಬೆಳಿಗ್ಗೆಯಿಂದ ನಂಬೋಕೆ ಎಷ್ಟು ಒದ್ದಾಡಿದೀನಿ ಗೊತ್ತಾ? ಅದರಲ್ಲೂ ಆ ತಿಮಿಂಗಿಲ!"

ಅವನ ಕುರ್ಚಿಯನ್ನು ಅವಳೇ ಎತ್ತಿ ನಿಲ್ಲಿಸಿದಳು.

"ಅಪ್ಪನ್ನ ಹಿಂಗೆ ಕಾಯೋ ಹುಡುಗೀನ ಯಾರಾದ್ರೂ ಬಿಡ್ತಾರಾ? ಕೂತ್ಕೊಳ್ಳಿ ಕ್ಯಾಪ್ಟನ್. ಬಿರುಗಾಳಿ ಕತೆ ಅರ್ಧಕ್ಕೇ ನಿಂತಿದೆ."

ರುವಾನ್ ಕುಳಿತು ಬಾಯಿ ತೆರೆದ. ಐವತ್ತಾರು ವರ್ಷಗಳಲ್ಲಿ ಮೊದಲ ಸಲ ಅವನಿಂದ ಒಂದು ಮಾತೂ ಹೊರಡಲಿಲ್ಲ.