ಐದನೆಯ ದಿನದ ಕೋರಿಕೆ

ಇಸ್ತ್ರಿಯಮ್ಮನ ಮೊಣಕಾಲು ನೋವು ವಾಸಿಯಾಯಿತು. ಬೇರೆ ಯಾರಾದರೂ ಆಗಿದ್ದರೆ ಚರ್ಚಿನಲ್ಲಿ ಮಾತೆಯ ಮುಂದೆ ಮೇಣದಬತ್ತಿ ಹಚ್ಚಿ, ಬೀದಿಗೆಲ್ಲ ಹೇಳಿಕೊಂಡು ಬರುತ್ತಿದ್ದರು. ಈಕೆ ಮಾತ್ರ ಕದ್ದ ಒಡವೆ ತೊಟ್ಟವಳ ಹಾಗೆ ಎಲ್ಲರಿಂದ ಮುಖ ತಪ್ಪಿಸಿಕೊಂಡು ಓಡಾಡುತ್ತಿದ್ದಳು.

ನಡೆದದ್ದು ಇಷ್ಟು. ಗಂಡನ ತಂಗಿಯ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡು ಆಪರೇಷನ್ನಿಗೆ ದಿನ ಗೊತ್ತಾಯಿತು. ಆ ನಾದಿನಿ ಚರ್ಚಿನ ಗಾನವೃಂದಕ್ಕೆ ಮುಂದಾಳು. ಅವಳು ಬಾಯಿ ತೆರೆದರೆ ಹಿಂದಿನ ಬೆಂಚಿನಲ್ಲಿ ತೂಕಡಿಸುವವರೂ ನೆಟ್ಟಗೆ ಕೂರುತ್ತಿದ್ದರು. ಹತ್ತು ದಿನ ಮುಂಚೆ ಅವಳು ಬಂದು ಕೈ ಹಿಡಿದುಕೊಂಡಳು.

"ಅತ್ತಿಗೆ, ನನಗೋಸ್ಕರ ಒಂಬತ್ತು ದಿನ ನೊವೇನಾ ಪ್ರಾರ್ಥನೆ ಹೇಳ್ತೀರಾ? ನಾನೇ ಹೇಳೋಕೆ ಕೂತ್ರೆ ಬರೀ ಅಳು ಬರುತ್ತೆ."

"ಇದನ್ನೂ ಕೇಳ್ಬೇಕಾ ಹುಚ್ಚಿ? ದಿನಾ ಸಂಜೆ ಏಳಕ್ಕೆ ಸರಿಯಾಗಿ ಮಂಡಿಯೂರ್ತೀನಿ."

ಲಾಂಡ್ರಿಯಲ್ಲಿ ದಿನಕ್ಕೆ ಒಂಬತ್ತು ಗಂಟೆ ನಿಂತು ಹೋಟೆಲುಗಳ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕುವವಳು ಮಂಡಿಯೂರುತ್ತೇನೆ ಎನ್ನುವುದು ಹುಡುಗಾಟವಲ್ಲ. ಎಡ ಮೊಣಕಾಲು ಆಗಲೇ ಊದಿಕೊಂಡಿತ್ತು. ಆದರೂ ನಾಲ್ಕು ದಿನ ಹಲ್ಲುಕಚ್ಚಿ ಹೇಳಿದಳು. ಐದನೆಯ ದಿನ ಬಟ್ಟೆಯ ರಾಶಿ ಎರಡರಷ್ಟಿತ್ತು. ಮನೆಗೆ ಬಂದು ಮಂಡಿಯೂರಿದಾಗ ಕಣ್ಣಲ್ಲಿ ನೀರು ಬಂತು. ನೊವೇನಾ ಪುಸ್ತಕದಲ್ಲಿ 'ಇಲ್ಲಿ ನಿಮ್ಮ ಕೋರಿಕೆಯನ್ನು ಹೇಳಿರಿ' ಎಂದಿರುವ ಜಾಗ ಬಂತು. ನಾದಿನಿಯ ಹೆಸರು ನಾಲಿಗೆಯ ತುದಿಗೆ ಬಂತು, ಅದರ ಹಿಂದೆಯೇ ಹಳೆಯ ಮಾತೊಂದು ನುಗ್ಗಿ ಬಂತು.

ಐದು ವರ್ಷದ ಹಿಂದೆ ಇವಳೂ ಆಸೆಪಟ್ಟು ಗಾನವೃಂದಕ್ಕೆ ಸೇರಿದ್ದಳು. ಅಭ್ಯಾಸದ ಮಧ್ಯೆ, ಎಲ್ಲರೆದುರು, ನಾದಿನಿ ನಗುನಗುತ್ತಲೇ ಅಂದಿದ್ದಳು, "ಅತ್ತಿಗೆ, ನೀವು ಬಾಯಿ ಆಡಿಸಿದ್ರೆ ಸಾಕು, ಸ್ವರ ಹೊರಗೆ ಬಿಡಬೇಡಿ." ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಿದವಳು ಮರುದಿನವೇ ಮರೆತಳು. ಕೇಳಿಸಿಕೊಂಡವಳು ಮರುದಿನದಿಂದ ಅಭ್ಯಾಸಕ್ಕೆ ಹೋಗಲಿಲ್ಲ.

ಹೆಸರು ಗಂಟಲಲ್ಲೇ ಉಳಿಯಿತು. 'ಊರಿರುವ ಮಂಡಿ ನನ್ನದು ತಾನೆ' ಎಂದುಕೊಂಡು, "ತಾಯಿ, ನನ್ನ ಮೊಣಕಾಲು ವಾಸಿಮಾಡು" ಎಂದುಬಿಟ್ಟಳು. ಮರುದಿನ ನಾಚಿಕೆಯಾಯಿತು. ಆದರೆ ನೊವೇನಾ ಒಂದು ದಿನ ತಪ್ಪಿದರೆ ಮುರಿದ ಹಾಗೆಯೇ. ಮೊದಲಿಂದ ಹಿಡಿಯೋಣವೆಂದರೆ ಆಪರೇಷನ್ನಿಗೆ ಒಂಬತ್ತು ದಿನ ಉಳಿದಿರಲಿಲ್ಲ. ಹೇಗೂ ಕೆಟ್ಟಿತಲ್ಲ ಎಂದು ಉಳಿದ ದಿನಗಳನ್ನೂ ಮೊಣಕಾಲಿಗೇ ಒಪ್ಪಿಸಿದಳು.

ಆಪರೇಷನ್ ಆಗಿ, ಗಡ್ಡೆ ಕೆಟ್ಟದ್ದಲ್ಲ ಎಂದು ತಿಳಿಯಿತು. ಆದರೆ ನಾದಿನಿಯ ಸ್ವರ ಹೋಯಿತು. ಮಾತಾಡಿದರೆ ಒಣ ಎಲೆ ತುಳಿದ ಸದ್ದು. ಇಸ್ತ್ರಿಯಮ್ಮ ನಿಂತು ಕೆಲಸ ಮಾಡಲೆಂದು ಮೆತ್ತನೆಯ ಹೊಸ ಚಪ್ಪಲಿ ಕೊಂಡಿದ್ದಳು; ಆ ವಾರವೇ ಅವಳ ಮೊಣಕಾಲಿನ ಊತ ಇಳಿಯಿತು.

ಮೂರು ಭಾನುವಾರ ಅವಳು ಚರ್ಚಿನಲ್ಲಿ ಪರಮಪ್ರಸಾದ ಸ್ವೀಕರಿಸಲು ಏಳದೆ ಬೆಂಚಿಗೆ ಅಂಟಿಕೊಂಡು ಕೂತಳು. ನಾಲ್ಕನೆಯ ಶನಿವಾರ ಪಾಪನಿವೇದನೆಗೆ ಹೋಗಿ ಎಲ್ಲವನ್ನೂ ಹೇಳಿದಳು. ನಿವೇದನೆಯ ಗೂಡಿನ ಜಾಲರಿಯ ಆಚೆಯಿಂದ ಗುರುಗಳು ಬಾಗಿ ಕೇಳಿದರು.

"ದೇವರ ಹತ್ರ ಇದ್ದಿದ್ದು ಒಂದೇ ವರಾನಾ ಅಮ್ಮ, ನೀವು ತಗೊಂಡ್ರಿ ಅಂತ ಅವರಿಗೆ ಇಲ್ಲದ ಹಾಗಾಗೋಕೆ? ನಿಮ್ಮ ಕಾಲು ಹೊಸ ಚಪ್ಪಲಿಯಿಂದಲೇ ವಾಸಿ ಆಗಿರಬಹುದು. ಸ್ವರ ಹೋಗಿದ್ದು ನಿಮ್ಮಿಂದ ಅಲ್ಲ. ಆದರೆ ಕೊಟ್ಟ ಮಾತು ನುಂಗಿದ್ದು ನಿಮ್ಮಿಂದ. ಅದನ್ನ ಅವರಿಗೆ ಹೇಳಿ."

ದೇವರಿಗೆ ಹೇಳುವುದು ಸುಲಭ. ಆತ ತಿರುಗಿ ಮುಖ ನೋಡುವುದಿಲ್ಲ. ಇಸ್ತ್ರಿಯಮ್ಮ ಮೂರನೆಯ ಮಹಡಿಯಲ್ಲಿದ್ದ ನಾದಿನಿಯ ಮನೆಗೆ ಮೆಟ್ಟಿಲು ಹತ್ತಿ ಹೋದಳು. ಕೂರದೆ, ನಿಂತಲ್ಲೇ ಹೇಳಿ ಮುಗಿಸಿದಳು. ಬಾಯಿ ಆಡಿಸಿದರೆ ಸಾಕೆಂದ ಆ ಹಳೆಯ ಮಾತನ್ನೂ ಬಿಡಲಿಲ್ಲ.

"ಹಾಗಂದಿದ್ನಾ ನಾನು?" ನಾದಿನಿಯ ಮುಖ ಸಪ್ಪಗಾಯಿತು. "ತಪ್ಪು ಮಾಡ್ದೆ, ಅತ್ತಿಗೆ." ಆಮೇಲೆ ಬೆರಳು ಮಡಚಿ ಏನನ್ನೋ ಲೆಕ್ಕಹಾಕಿದಳು. "ಐದನೇ ದಿನ ಅಂದ್ರೆ ಗುರುವಾರ?"

"ಹೌದು."

"ಅವತ್ತು ಸಂಜೆ ಪರೀಕ್ಷೆಗೆ ಅಂತ ಆಸ್ಪತ್ರೆಗೆ ಹೋಗಿದ್ದೆ, ಡಾಕ್ಟರು ಒಪ್ಪಿಗೆ ಕಾಗದ ತಂದಿದ್ರು. ಸ್ವರ ಹೋಗಬಹುದು ಅಂತ ಆಗಲೇ ಹೇಳಿದ್ದು. ಆಪರೇಷನ್ನೇ ಬೇಡ ಅಂತ ಚೀಲ ತಗೊಂಡು ಎದ್ದಿದ್ದೆ." ಒಂದೊಂದು ಮಾತಿಗೂ ಅವಳು ಉಸಿರು ತೆಗೆದುಕೊಳ್ಳಬೇಕಾಗುತ್ತಿತ್ತು. "ಗಡಿಯಾರ ನೋಡ್ದೆ. ಏಳು. ಅತ್ತಿಗೆ ಆ ಕೆಟ್ಟ ಕಾಲಲ್ಲಿ ನನಗೋಸ್ಕರ ಮಂಡಿಯೂರಿದಾರೆ, ನಾನು ಓಡಿಹೋಗೋದಾ ಅನ್ನಿಸ್ತು. ಸಹಿ ಹಾಕ್ದೆ."

 ಬೈದಿದ್ದರೆ ಇಸ್ತ್ರಿಯಮ್ಮ ತಡೆದುಕೊಳ್ಳುತ್ತಿದ್ದಳು.

"ಇವತ್ತು ಹೋಗಿ, ಅತ್ತಿಗೆ," ಎಂದಳು ನಾದಿನಿ ಕಿಟಕಿಯ ಕಡೆ ತಿರುಗಿ. "ನಾಳೆ ಏಳಕ್ಕೆ ಬನ್ನಿ, ಪುಸ್ತಕ ತನ್ನಿ. ಕೋರಿಕೆ ಬಂದಾಗ ನನಗೆ ಕೇಳೋ ಹಾಗೆ ಹೇಳಿ."

ಇಸ್ತ್ರಿಯಮ್ಮ ತಲೆಯಾಡಿಸಿ ಹೊರಟಳು. ಮೂರು ಮಹಡಿಯ ಮೆಟ್ಟಿಲನ್ನು ಒಂದೊಂದಾಗಿ ಇಳಿದಳು. ಒಂದು ಮೆಟ್ಟಿಲಿಗಾದರೂ ಮೊಣಕಾಲು ನೋಯಲಿ ಎಂದು ಕಾದಳು. ನೋಯಲಿಲ್ಲ.